ಮುಳಬಾಗಿಲಿಂದ ಕಡಲಿಗೆ, ಕೆಂಪು ಬಸ್ಸಲ್ಲಿ

ಗೆಳತಿ ಜೊತೆ ಕಡಲು ನೋಡ್ಬೇಕಾ? ಮುಳಬಾಗಿಲು ಮೇಲೆ ಹಾದುಹೋಗೋ ಹೆದ್ದಾರಿ 75 ಬೆಂಗಳೂರು, ಹಾಸನ ದಾಟಿ, ಶಿರಾಡಿ ಘಾಟಿ ಇಳಿದು ಬಂಟ್ವಾಳ ಮುಟ್ಟುತ್ತೆ. ಮಂಗಳೂರು ಅಲ್ಲೇ ಪಕ್ಕ.

ಖರ್ಚು? 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ ಉಚಿತ ಮಾಡಿರೋ ಶಕ್ತಿ ಯೋಜನೆ ಇದೆಯಲ್ಲ! ಕೆಂಪು ಬಸ್ ಹತ್ತಿ, ಆಧಾರ್ ತೋರಿಸಿ. ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಕೊಡ್ತಾರೆ. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸಲ್ಲಿ ಇದು ನಡೆಯಲ್ಲ. ಬೆಂಗಳೂರಲ್ಲಿ ಬಸ್ ಬದಲಿಸಿ. ಘಾಟಿ ಮಾತ್ರ ಹಗಲಲ್ಲೇ ಇಳೀರಿ, ನಮ್ಮ ಬಯಲುಸೀಮೆ ಕಣ್ಣು ಆ ಹಸಿರು ನೋಡಲೇಬೇಕು.

ಮಂಗಳೂರಲ್ಲಿ ಸಿಟಿ ಬಸ್ ಬಹುತೇಕ ಖಾಸಗಿ, ಚಿಲ್ಲರೆ ಇಟ್ಕೊಳ್ಳಿ. ಸುಲ್ತಾನ್ ಬತ್ತೇರಿಯಲ್ಲಿ ಟಿಪ್ಪು ಕಾಲದ ಕಪ್ಪು ಕಲ್ಲಿನ ಕಾವಲು ಬುರುಜು. ಅದರ ಕೆಳಗೇ ಫಲ್ಗುಣಿ ನದಿ. ದೋಣಿ ಹತ್ತಿದ್ರೆ ಆಚೆ ದಡ ತಣ್ಣೀರುಬಾವಿ, ಅದರಾಚೆ ಅರಬ್ಬೀ ಸಮುದ್ರ. ವಾಪಸ್ ಬರೋ ಕೊನೆ ದೋಣಿ ಎಷ್ಟು ಗಂಟೆಗೆ ಅಂತ ಹತ್ತುವಾಗಲೇ ಕೇಳ್ಕೊಳ್ಳಿ.