ರೌಂಡ್ ಲಾಕ್ ಕೈಕೊಟ್ಟಾಗ

‘ರೂಮಿನ ಲಾಕ್ ಕೆಟ್ಟಿದೆ, ಕೀ ಬಿಗಿಯಾಗಿ ತಿರುಗುತ್ತೆ’ ಎಂದು ಫೋನ್ ಮಾಡಿದರೆ, ಪಳಗಿದ ಬಡಗಿ ಹೊರಡುವ ಮೊದಲು ಒಂದು ಮಾತು ಕೇಳುತ್ತಾನೆ: ‘ಬಾಗಿಲು ತೆಗೆದಿಟ್ಟುಕೊಂಡು ತಿರುಗಿಸಿ ನೋಡಿದ್ರಾ ಸಾರ್?’ ಬರಲು ಮನಸ್ಸಿಲ್ಲದೆ ಸಬೂಬು ಹೇಳುತ್ತಿದ್ದಾನೆ ಎನಿಸಬಹುದು. ಆದರೆ ಅರ್ಧ ರೋಗ ಗೊತ್ತಾಗುವುದೇ ಆ ಪ್ರಶ್ನೆಯಿಂದ. ಬಾಗಿಲು ತೆರೆದಿದ್ದಾಗ ಸಲೀಸಾಗಿ ತಿರುಗುವ ಬೀಗ ಮುಚ್ಚಿದಾಗ ಮಾತ್ರ ಹಟ ಹಿಡಿಯುತ್ತದೆ ಎಂದಾದರೆ ಬೀಗ ನಿರಪರಾಧಿ. ತಪ್ಪು ಬಾಗಿಲಿನದ್ದೋ ಚೌಕಟ್ಟಿನದ್ದೋ ಇರುತ್ತದೆ. ಇದನ್ನು ನೋಡದೆ ಹೊಸ ಲಾಕ್ ತಂದು ಹಾಕಿಸಿದವರ ಮನೆಯಲ್ಲಿ ತಿಂಗಳೊಳಗೆ ಹೊಸದೂ ಹಳೆಯದರ ಹಾಗೆಯೇ ಆಡುತ್ತದೆ.

ಗುಂಡನೆಯ ಸ್ಟೀಲ್ ಹಿಡಿ, ಹೊರಬದಿಯ ಹಿಡಿಯ ನಡುವೆ ಕೀ ಹಾಕುವ ಕಂಡಿ, ಒಳಗಡೆ ಒತ್ತುವ ಗುಂಡಿ. ಅಪಾರ್ಟ್‌ಮೆಂಟಿನ ಮಲಗುವ ಕೋಣೆಯಲ್ಲಿ, ಬಾಡಿಗೆ ಮನೆಯ ಬಾತ್‌ರೂಮಿನಲ್ಲಿ ಇದನ್ನು ನೋಡದವರಿಲ್ಲ. ಕೀ ಹೋಗುವ ಹಿತ್ತಾಳೆಯ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಐದು ಜೋಡಿ ಪುಟ್ಟ ಪಿನ್ನುಗಳು ಸಾಲಾಗಿ ನಿಂತಿರುತ್ತವೆ. ಪ್ರತಿ ಜೋಡಿಯ ನೆತ್ತಿಯ ಮೇಲೊಂದು ಸ್ಪ್ರಿಂಗ್. ಸರಿಯಾದ ಕೀಯ ಹಲ್ಲುಗಳು ಐದೂ ಜೋಡಿಗಳನ್ನು ಬೇಕಾದಷ್ಟೇ ಎತ್ತುತ್ತವೆ. ಆಗ ಮೇಲಿನ ಪಿನ್ನು, ಕೆಳಗಿನ ಪಿನ್ನು ಸೇರುವ ಜಾಗಗಳೆಲ್ಲ ಒಂದೇ ಗೆರೆಗೆ ಬಂದು ಸಿಲಿಂಡರ್ ಬಿಡುಗಡೆಯಾಗುತ್ತದೆ. ಒಂದು ಪಿನ್ನು ಕೂದಲೆಳೆಯಷ್ಟು ಮೇಲೆ ಕೆಳಗಾದರೂ ತಿರುಗುವುದಿಲ್ಲ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಗುಂಡಿ ಒತ್ತಿದರೆ ಬೀಗ ಬೀಳುವ ಗುಂಡು ಹಿಡಿಯನ್ನು ಮನೆಮನೆಗೆ ತಲುಪಿಸಿದ್ದು ಜರ್ಮನಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ನೆಲೆಸಿದ ವಾಲ್ಟರ್ ಶ್ಲಾಗೆ; ಅವನ ಕಂಪನಿ ಶುರುವಾದದ್ದು 1920ರಲ್ಲಿ. ಅದಕ್ಕೂ ಮೊದಲು, 1909ರಲ್ಲಿ, ಕೋಣೆಯ ದೀಪವನ್ನೂ ಹೊತ್ತಿಸಿ ಆರಿಸುವ ಬೀಗಕ್ಕೆ ಅವನು ಪೇಟೆಂಟ್ ಪಡೆದಿದ್ದ. ಬಾತ್‌ರೂಮ್ ಲೈಟು ಆರಿಸಲು ಮರೆಯುವ ಮಕ್ಕಳಿರುವ ಮನೆಗಳಿಗೆ ಅದೂ ಬಂದಿದ್ದರೆ ಚೆನ್ನಾಗಿತ್ತು.

ಬಾಗಿಲಿನ ಅಂಚಿನಿಂದ ಚಾಚಿಕೊಂಡು ಚೌಕಟ್ಟಿನ ಲೋಹದ ಪಟ್ಟಿಯ ತೂತಿಗೆ ಹೋಗಿ ಕೂರುವ ನಾಲಿಗೆ ಈ ಬೀಗದ ಇನ್ನೊಂದು ಮುಖ್ಯ ಭಾಗ. ತಕರಾರು ಬರುವುದೆಲ್ಲ ಬಹುಪಾಲು ಇಲ್ಲೇ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಬಿಗಿಯಾದ ಬಾಗಿಲು ದೀಪಾವಳಿ ಹೊತ್ತಿಗೆ ತಾನಾಗಿಯೇ ಸರಿಹೋಗುವುದೂ ಉಂಟು; ಆತುರಪಟ್ಟು ಹತ್ತರಿ ಹೊಡೆಸಿದರೆ ಫೆಬ್ರವರಿಯಲ್ಲಿ ಸಂದಿನಿಂದ ಬೆಳಕು ಕಾಣುತ್ತದೆ. ಬಾಗಿಲು ಜೋತುಬೀಳುವುದು ಇನ್ನೊಂದು ಕಾರಣ. ಭಾರವೆಲ್ಲ ಮೇಲಿನ ಹಿಂಜನ್ನು ಎಳೆಯುತ್ತಿರುತ್ತದೆ, ಅಲ್ಲಿನ ಸ್ಕ್ರೂ ಸಡಿಲಾಯಿತೆಂದರೆ ನಾಲಿಗೆ ಒಂದೆರಡು ಮಿಲಿಮೀಟರ್ ಕೆಳಗಿಳಿದು ಪಟ್ಟಿಗೆ ಉಜ್ಜುತ್ತದೆ.

ಎಲ್ಲಿ ಉಜ್ಜುತ್ತಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ನಾಲಿಗೆಗೆ ಒಂದಿಷ್ಟು ಕಾಡಿಗೆ ಬಳಿದು, ಬಾಗಿಲನ್ನು ಮೆಲ್ಲಗೆ ಮುಚ್ಚಿ ತೆರೆಯಿರಿ. ಪಟ್ಟಿಯ ಮೇಲೆ ಮಸಿ ಬಿದ್ದ ಜಾಗವೇ ದೋಷದ ಜಾಗ. ತೂತಿನ ಕೆಳ ಅಂಚಿಗೆ ತಗುಲಿದ್ದರೆ ಮೊದಲು ಮೇಲಿನ ಹಿಂಜಿನ ಸ್ಕ್ರೂ ಬಿಗಿ ಮಾಡಿ. ಸ್ಕ್ರೂ ಬರೀ ಸುತ್ತುತ್ತದೆಯೇ ಹೊರತು ಹಿಡಿಯುತ್ತಿಲ್ಲ ಎಂದಾದರೆ ತೂತಿಗೆ ಫೆವಿಕಾಲ್ ಹಚ್ಚಿದ ಬೆಂಕಿಕಡ್ಡಿಗಳನ್ನು ತುರುಕಿ, ಒಣಗಿದ ಮೇಲೆ ಅದೇ ಸ್ಕ್ರೂ ಹಾಕಿದರೆ ಕಚ್ಚಿಕೊಳ್ಳುತ್ತದೆ. ಅಷ್ಟಾದರೂ ಉಜ್ಜಿದರೆ ಪಟ್ಟಿಯ ತೂತನ್ನು ಅರದಿಂದ ತುಸು ಹಿಗ್ಗಿಸಬೇಕು. ತುಸು ಮಾತ್ರ! ನಾಲಿಗೆಯ ಪಕ್ಕದಲ್ಲಿ ಕೆಲವು ಬೀಗಗಳಿಗೆ ಅರ್ಧಗುಂಡಿನ ಸಣ್ಣ ಕಡ್ಡಿಯೊಂದಿರುತ್ತದೆ. ಬಾಗಿಲು ಮುಚ್ಚಿದಾಗ ಅದು ಪಟ್ಟಿಗೆ ಒತ್ತಿಕೊಂಡೇ ಇರಬೇಕು. ತೂತು ದೊಡ್ಡದಾಗಿ ಆ ಕಡ್ಡಿಯೂ ಒಳಗಿಳಿದರೆ, ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ನಾಲಿಗೆಯನ್ನು ಹಿಂದಕ್ಕೆ ತಳ್ಳಬಹುದು.

ಇನ್ನು ತೆರೆದ ಬಾಗಿಲಲ್ಲೂ ಕೀ ತಿರುಗದಿದ್ದರೆ ಬೀಗದ ಮೇಲೆಯೇ ಅನುಮಾನ ಪಡಬೇಕು. ಆದರೆ ಮೊದಲು ಕೀಯನ್ನು ವಿಚಾರಿಸಿಕೊಳ್ಳಿ. ಬೀರುವಿನ ಮೂಲೆಯಲ್ಲಿರುವ, ಲಾಕ್ ಜೊತೆಗೇ ಬಂದ ಮೂಲ ಕೀ ತಂದು ಹಾಕಿ ನೋಡಿ. ಅದು ತಿರುಗಿದರೆ ಸವೆದಿರುವುದು ದಿನಬಳಕೆಯ ಕೀ, ಅಥವಾ ಕಾಪಿಯ ಕಾಪಿ ಮಾಡಿಸಿದ ಕೀ. ಪ್ರತಿ ಕಾಪಿಯಲ್ಲೂ ಒಂದಿಷ್ಟು ತಪ್ಪು ಸೇರುತ್ತಲೇ ಹೋಗುತ್ತದೆ. ಎರಡೂ ಬಿಗಿಯಾಗಿದ್ದರೆ ಒಳಗೆ ಧೂಳು ಕೂತಿದೆ ಎಂದರ್ಥ. ಇಲ್ಲಿ ನಮ್ಮ ಮನೆಗಳಲ್ಲಿ ಆಗುವ ದೊಡ್ಡ ಅನಾಹುತವೆಂದರೆ ಕೊಬ್ಬರಿ ಎಣ್ಣೆ. ಹಾಕಿದ ದಿನ ಹಾಯಾಗಿ ತಿರುಗುತ್ತದೆ. ಆಮೇಲೆ ಧೂಳನ್ನೆಲ್ಲ ಹಿಡಿದಿಟ್ಟುಕೊಂಡು ಅಂಟಾಗುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಎಣ್ಣೆಯಾದ್ದರಿಂದ ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಪಿನ್ನುಗಳ ನಡುವೆ ಹೆಪ್ಪುಗಟ್ಟಿ ಕೂರುತ್ತದೆ. ಸಿಲಿಂಡರಿಗೆ ಬೇಕಾದದ್ದು ಒಣ ಗ್ರಾಫೈಟ್ ಪುಡಿ. ಸಿಗದಿದ್ದರೆ 2ಬಿ ಪೆನ್ಸಿಲ್ಲಿನಿಂದ ಕೀಯ ಹಲ್ಲುಗಳ ಮೇಲೆ ಚೆನ್ನಾಗಿ ಗೀಚಿ, ಹತ್ತಾರು ಸಲ ಹಾಕಿ ತೆಗೆಯಿರಿ. ಮೊದಲೇ ಎಣ್ಣೆ ಕುಡಿದಿರುವ ಬೀಗಕ್ಕೆ ಮಾತ್ರ ಗ್ರಾಫೈಟ್ ಬೇಡ, ಎರಡೂ ಸೇರಿದರೆ ಕಪ್ಪು ಮೆತ್ತೆಯಾಗುತ್ತದೆ. ಹೊಲಿಗೆ ಮಿಷಿನ್ ಎಣ್ಣೆಯನ್ನು ನಾಲಿಗೆಗೆ ಒಂದು ಹನಿ ಬಿಡಬಹುದು.

ಕೀಯೇ ಕಳೆದುಹೋಗಿದ್ದರೆ ಕೀ ರಿಪೇರಿಯವನೇ ಬರಬೇಕು. ಅವನ ಕೆಲಸ ನೋಡಲು ಸಿಕ್ಕರೆ ಪಕ್ಕದಲ್ಲಿ ನಿಂತು ನೋಡಿ. ಹಲ್ಲು ಕಡಿಯದ ಖಾಲಿ ಹಿತ್ತಾಳೆ ಕೀಯನ್ನು ಬೀಗಕ್ಕೆ ಹಾಕಿ, ಎಡಕ್ಕೂ ಬಲಕ್ಕೂ ಬಲವಾಗಿ ಒತ್ತಿ, ಮೆಲ್ಲಗೆ ಅಲುಗಿಸಿ ಹೊರತೆಗೆಯುತ್ತಾನೆ. ಬೆಳಕಿಗೆ ಓರೆಯಾಗಿ ಹಿಡಿದರೆ ಹಿತ್ತಾಳೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ಗುರುತುಗಳು ಕಾಣುತ್ತವೆ, ಪಿನ್ನುಗಳು ಕಚ್ಚಿದ ಗುರುತು. ಅಲ್ಲಷ್ಟೇ ಅರದಿಂದ ಒಂದೆರಡು ಎಳೆತ, ಮತ್ತೆ ಬೀಗಕ್ಕೆ, ಮತ್ತೆ ಬೆಳಕಿಗೆ. ಪಿನ್ನು ತನ್ನ ಸರಿಯಾದ ಎತ್ತರಕ್ಕೆ ಬಂದ ಜಾಗದಲ್ಲಿ ಗುರುತು ಬೀಳುವುದು ನಿಲ್ಲುತ್ತದೆ, ಅವನು ಅಲ್ಲಿ ಅರ ಆಡಿಸುವುದನ್ನೂ ನಿಲ್ಲಿಸುತ್ತಾನೆ. ಬೀಗ ಬಿಚ್ಚದೆಯೇ ಕೀ ತಯಾರು. ಯಂತ್ರದಲ್ಲಿ ನಕಲು ತೆಗೆಯುವುದನ್ನು ಯಾರಾದರೂ ಕಲಿಯಬಹುದು. ಇದಕ್ಕೆ ವರ್ಷಗಳ ಕಣ್ಣು ಬೇಕು. ಕೇಳಿದಷ್ಟು ಕೊಟ್ಟರೆ ನಷ್ಟವೇನಿಲ್ಲ.

ಹಿಡಿ ತಿರುಗಿದರೂ ನಾಲಿಗೆ ಒಳಸರಿಯುತ್ತಿಲ್ಲ, ಅಥವಾ ಒಳಹೋದದ್ದು ಹೊರಗೆ ಬರುತ್ತಿಲ್ಲ ಎಂದರೆ ಬಿಚ್ಚಲೇಬೇಕು. ಒಳಬದಿಯ ಹಿಡಿಯ ಕುತ್ತಿಗೆಯಲ್ಲಿ ಸಣ್ಣ ತೂತಿರುತ್ತದೆ. ಸಪೂರ ಮೊಳೆಯಿಂದ ಒತ್ತಿ ಎಳೆದರೆ ಹಿಡಿ ಕೈಗೆ ಬರುತ್ತದೆ. ಅದರ ಹಿಂದಿನ ದುಂಡು ತಟ್ಟೆಯನ್ನು ಮೀಟಿ ತೆಗೆದರೆ ಎರಡು ಉದ್ದ ಸ್ಕ್ರೂ. ಹಿಡಿ ಗಡಗಡ ಅಲುಗುತ್ತಿದ್ದರೆ ಇವನ್ನು ಬಿಗಿ ಮಾಡಿದರೆ ಮುಗಿಯಿತು. ಒಳಗಿನ ಭಾಗ ಮುರಿದಿದ್ದರೆ ರಿಪೇರಿಗಿಂತ ಹೊಸದೇ ವಾಸಿ, ಬಿಡಿಭಾಗ ಹುಡುಕಿ ಅಲೆಯುವ ಖರ್ಚಿಗೆ ಇನ್ನೊಂದು ಲಾಕ್ ಬರುತ್ತದೆ.

ಅಂಗಡಿಗೆ ಹೋಗುವ ಮುನ್ನ ಟೇಪು ಹಿಡಿಯಿರಿ. ಬಾಗಿಲಿನ ಅಂಚಿನಿಂದ ದೊಡ್ಡ ತೂತಿನ ನಡುವಿಗೆ 60 ಮಿ.ಮೀ. ಇದೆಯೋ 70 ಇದೆಯೋ ನೋಡಬೇಕು, ತಪ್ಪಿದರೆ ಕೂರುವುದಿಲ್ಲ. ಬಾಗಿಲಿನ ದಪ್ಪವೂ ಮುಖ್ಯ. ಅನೇಕ ಲಾಕ್‌ಗಳು 35 ಮಿ.ಮೀ. ಮೇಲ್ಪಟ್ಟ ಬಾಗಿಲಿಗೆ ಮಾಡಿದವು. ನಮ್ಮ ಫ್ಲಶ್ ಡೋರುಗಳಲ್ಲಿ 30, 25ರವೂ ಇವೆ. ತೆಳು ಬಾಗಿಲಿಗೆ ಹಾಕಿದ ಲಾಕ್ ಮೊದಲ ದಿನದಿಂದಲೇ ಸಡಿಲ. ಕೂರಿಸುವಾಗ ನಾಲಿಗೆಯ ಓರೆ ಮುಖ ಬಾಗಿಲು ಮುಚ್ಚುವ ದಿಕ್ಕಿಗಿರಲಿ, ಕೀಯ ಹಲ್ಲು ಮೇಲ್ಮುಖವಾಗಿ ಹೋಗುವಂತಿರಲಿ. ಆಗ ಪಿನ್ನುಗಳು ತಮ್ಮ ಭಾರಕ್ಕೂ ಕೆಳಗಿಳಿಯುತ್ತವೆ, ಸ್ಪ್ರಿಂಗ್ ಸೋತರೂ ಕೆಲಸ ನಡೆಯುತ್ತದೆ.

ಒಂದು ಮಾತು ಖಡಾಖಂಡಿತ: ಇದನ್ನು ಬೀದಿ ಬಾಗಿಲಿಗೆ ನಂಬಬೇಡಿ. ಬೀಗವೆಲ್ಲ ಹೊರಗೆ ಚಾಚಿದ ಹಿಡಿಯಲ್ಲೇ ಇದೆ, ಪೈಪ್ ವ್ರೆಂಚ್ ಹಾಕಿ ತಿರುಚಿದರೆ ಹಿಡಿಯೇ ಕಿತ್ತುಬರುತ್ತದೆ.

ಇನ್ನು ಬಾತ್‌ರೂಮು. ಪುಟ್ಟ ಮಗು ಒಳಗೆ ಹೋಗಿ ಗುಂಡಿ ಒತ್ತಿಕೊಂಡು ಅಳುವಾಗ ಮನೆಮಂದಿ ಬಾಗಿಲು ಒಡೆಯಲು ಹೊರಡುತ್ತಾರೆ. ಬಾತ್‌ರೂಮಿನ ಲಾಕ್‌ನಲ್ಲಿ ಹೊರಗಿನ ಹಿಡಿಯ ನಡುವೆ ಸೀಳೊಂದಿದ್ದರೆ ನಾಣ್ಯ ಅಥವಾ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ತೆರೆದುಕೊಳ್ಳುತ್ತದೆ. ಸಣ್ಣ ತೂತಿದ್ದರೆ ನೆಟ್ಟಗಿನ ಗಟ್ಟಿ ತಂತಿಯನ್ನು ತೂರಿಸಿ ಒತ್ತಬೇಕು. ಅದಕ್ಕೆಂದೇ ಪೊಟ್ಟಣದಲ್ಲಿ ಒಂದು ಕಡ್ಡಿ ಬಂದಿರುತ್ತದೆ. ಅದನ್ನು ಬಾಗಿಲ ಚೌಕಟ್ಟಿನ ಮೇಲಂಚಿನಲ್ಲಿ ಇಟ್ಟಿರಿ. ಕಳೆದಿದ್ದರೆ ಸ್ವೆಟರ್ ಹೆಣೆಯುವ ಸಪೂರ ಕಡ್ಡಿಯೂ ಆದೀತು.