ನಿಮಗಿದು ಗೊತ್ತೆ? ಮೆಶ್ ವೈ-ಫೈನ ಎರಡನೇ ಪೆಟ್ಟಿಗೆಗೂ ಸಿಗ್ನಲ್ ಬೇಕು!

ಮನೆಯ ಹಲವೆಡೆ ಇಟ್ಟ ಪೆಟ್ಟಿಗೆಗಳು ಒಂದೇ ಜಾಲವಾಗಿ ಸಿಗ್ನಲ್ ಹರಡುವ ವ್ಯವಸ್ಥೆಯೇ ಮೆಶ್ ವೈ-ಫೈ. ಸಿಗ್ನಲ್ ಸಿಗದ ಕೋಣೆಯಲ್ಲೇ ಅದರ ಎರಡನೇ ಪೆಟ್ಟಿಗೆ ಇಟ್ಟರೆ ಅದಕ್ಕೂ ಸಿಗ್ನಲ್ ಸಿಗದು. ಮುಖ್ಯ ರೂಟರ್‌ಗೂ ಆ ಕೋಣೆಗೂ ನಡುವೆ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕಡೆ ಇಡಿ. 5 ಗಿಗಾಹರ್ಟ್ಸ್ ಅಲೆಗಳು ಹೆಚ್ಚು ವೇಗ ಕೊಡುತ್ತವೆ, ಆದರೆ ಗೋಡೆ ದಾಟುವಾಗ 2.4 ಗಿಗಾಹರ್ಟ್ಸ್ ಅಲೆಗಳಿಗಿಂತ ಬೇಗ ಸೊರಗುತ್ತವೆ. ಕಬ್ಬಿಣದ ಬೀರು, ದೊಡ್ಡ ಕನ್ನಡಿ ಅಲೆಗಳನ್ನು ವಾಪಸ್ ತಳ್ಳುತ್ತವೆ. ಮೀನಿನ ತೊಟ್ಟಿಯ ನೀರು ಅವನ್ನು ಹೀರಿಕೊಳ್ಳುತ್ತದೆ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲೇ. ಹಾಗಾಗಿ ರೂಟರ್ ಅದರ ಪಕ್ಕ ಬೇಡವೇ ಬೇಡ.

2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳ ಮೆಶ್‌ನಲ್ಲಿ ಪೆಟ್ಟಿಗೆಗಳ ನಡುವಿನ ಸಂಪರ್ಕಕ್ಕೂ ನಿಮ್ಮ ಮೊಬೈಲ್‌ಗೂ ಒಂದೇ ಬ್ಯಾಂಡ್ ಬಳಕೆಯಾದರೆ ವೇಗ ಸುಮಾರು ಅರ್ಧಕ್ಕೆ ಇಳಿಯಬಹುದು. ಮನೆ ಕಟ್ಟಿಸುತ್ತಿದ್ದರೆ ಈಗಲೇ ಪ್ರತ್ಯೇಕ ಪೈಪಿನಲ್ಲಿ ಈಥರ್ನೆಟ್ ಕೇಬಲ್ ಎಳೆಸಿಬಿಡಿ. ಅದರಿಂದ ಪೆಟ್ಟಿಗೆಗಳನ್ನು ಜೋಡಿಸಿದರೆ ಈ ನಷ್ಟವಿಲ್ಲ.