ಗೆರೆ ನೋಡು, ಹಿಮ್ಮಡಿ ನೋಡು

ಸುಗ್ಗಿ ಮುಗಿಯಿತು. ಜೋಳದ ಹೊಲ ಖಾಲಿ ಆಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಎಲ್ಲಿ ನೋಡಿದರೂ ಮಕ್ಕಳ ಕ್ರಿಕೆಟ್. ಹುಡುಗಿಯರೂ ಆಡುತ್ತಾರೆ. ಆಟದ ನಡುವೆ ಜಗಳ ಏಳುತ್ತದೆ.

"ಇದು ನೋಬಾಲ್!"

"ಅಲ್ಲ, ಸರಿ ಐತಿ!"

ಬಗೆಹರಿಸುವವರು ಯಾರು? ಅಂಪೈರ್. ನಾವು ಹೆಂಗಸರೂ ಅಂಪೈರ್ ಆಗಬಹುದು. ಬರ್ರಿ, ನೋಬಾಲ್ ಅಂದರೇನು ತಿಳಿಯೋಣ.

ಗೆರೆ ಎಲ್ಲಿದೆ?

ಮೂರು ಸ್ಟಂಪ್ ನೆಟ್ಟಿರುತ್ತಾರೆ. ಅಲ್ಲಿಂದ 4 ಅಡಿ ಮುಂದೆ ಸುಣ್ಣದ ಅಡ್ಡಪಟ್ಟಿ ಇರುತ್ತದೆ. ಆ ಪಟ್ಟಿಗೆ ಎರಡು ಅಂಚು. ಸ್ಟಂಪ್ ಕಡೆಯ ಅಂಚೇ ನಿಜವಾದ ಗೆರೆ.

ಕಾಲು ಎಲ್ಲಿರಬೇಕು?

ಚಿಕ್ಕವರಿದ್ದಾಗ ನಾವು ಕುಂಟೆಬಿಲ್ಲೆ ಆಡಿದ್ದೇವೆ. ಗೆರೆ ತುಳಿದರೆ ಔಟ್. ಕ್ರಿಕೆಟ್‌ನಲ್ಲಿ ಹಾಗಲ್ಲ.

ಚೆಂಡು ಹಾಕುವವರು ಬೌಲರ್. ಅವರು ಓಡಿ ಬಂದು ಮುಂದಿನ ಕಾಲು ಊರುತ್ತಾರೆ. ಆಗ ಪಾದದ ಸ್ವಲ್ಪ ಭಾಗವಾದರೂ ಗೆರೆಯ ಹಿಂದೆ ಇರಬೇಕು. ಬೆರಳು ಮುಂದೆ ಹೋಗಿದ್ದರೂ ಹಿಮ್ಮಡಿ ಹಿಂದೆ ಇದ್ದರೆ ಸಾಕು. ಹಿಮ್ಮಡಿ ನೆಲ ಮುಟ್ಟದೆ ಮೇಲಿದ್ದರೂ ನಡೆಯುತ್ತದೆ.

ಇಡೀ ಪಾದ ಸುಣ್ಣದ ಮೇಲೋ, ಅದರ ಮುಂದೋ ಬಿದ್ದರೆ ನೋಬಾಲ್.

ಕಾಲು ಊರಿದ ಕ್ಷಣವನ್ನೇ ನೋಡಬೇಕು. ಆಮೇಲೆ ಜಾರಿ ಮುಂದೆ ಹೋದರೆ ತಪ್ಪಿಲ್ಲ.

ನೋಬಾಲ್ ಆದರೆ?

ಅಂಪೈರ್ "ನೋಬಾಲ್" ಎಂದು ಕೂಗಬೇಕು. ಒಂದು ಕೈ ಪಕ್ಕಕ್ಕೆ ಚಾಚಬೇಕು. ಬ್ಯಾಟ್ ಮಾಡುವ ತಂಡಕ್ಕೆ 1 ರನ್ ಸಿಗುತ್ತದೆ. ಓವರಿನ 6 ಚೆಂಡಿನಲ್ಲಿ ಅದು ಲೆಕ್ಕಕ್ಕಿಲ್ಲ. ಸ್ಟಂಪ್ ಬಿದ್ದರೂ, ಕ್ಯಾಚ್ ಹಿಡಿದರೂ ಔಟ್ ಇಲ್ಲ. ಆದರೆ ಓಡುವಾಗ ರನ್‌ಔಟ್ ಆಗಬಹುದು.

ಒಂದು ಹೆಜ್ಜೆಯ ಬೆಲೆ

2022ರ ಮಾರ್ಚ್ 27. ಮಹಿಳೆಯರ ವಿಶ್ವಕಪ್. ನ್ಯೂಜಿಲೆಂಡ್ ದೇಶದಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಆಡುತ್ತಿದ್ದವು. ಕೊನೆಯ ಓವರ್. ನಮ್ಮ ದೀಪ್ತಿ ಶರ್ಮಾ ಚೆಂಡು ಹಾಕಿದರು. ಹರ್ಮನ್‌ಪ್ರೀತ್ ಕೌರ್ ಕ್ಯಾಚ್ ಹಿಡಿದರು. ಎಲ್ಲರಿಗೂ ಖುಷಿಯೋ ಖುಷಿ. ಆದರೆ ದೀಪ್ತಿಯ ಕಾಲು ಗೆರೆ ದಾಟಿತ್ತು. ನೋಬಾಲ್! ಕೊನೆಯ ಚೆಂಡಿನಲ್ಲಿ ಭಾರತ ಸೋತಿತು. ಸೆಮಿಫೈನಲ್ ಕೈತಪ್ಪಿತು.

ದೀಪ್ತಿ ಎದೆಗುಂದಲಿಲ್ಲ. 2025ರ ಫೈನಲ್‌ನಲ್ಲಿ ಅದೇ ದಕ್ಷಿಣ ಆಫ್ರಿಕಾದ 5 ವಿಕೆಟ್ ಪಡೆದರು. ವಿಶ್ವಕಪ್ ನಮ್ಮದಾಯಿತು.

ನಾವೂ ನಿಲ್ಲೋಣ

ರಣಜಿ ಟ್ರೋಫಿ ಗಂಡಸರ ಪಂದ್ಯ. 2023ರಲ್ಲಿ ಅಲ್ಲಿ ಮೊದಲ ಸಲ ಹೆಂಗಸರು ಅಂಪೈರ್ ಆಗಿ ನಿಂತರು. ವೃಂದಾ ರಾಠಿ, ಎನ್. ಜನನಿ, ಗಾಯತ್ರಿ ವೇಣುಗೋಪಾಲನ್ ಆ ಮೂವರು. ಅವರ ಮಾತನ್ನು ಗಂಡಸರು ಕೇಳಿದರು.

ನಮ್ಮೂರ ಹೊಲದಲ್ಲಿ ನಾವೂ ನಿಲ್ಲೋಣ. ಯಾರ ಮಗ, ಯಾವ ಓಣಿ ಅಂತ ನೋಡೋದು ಬ್ಯಾಡ. ಗೆರೆ ನೋಡೋಣ, ಹಿಮ್ಮಡಿ ನೋಡೋಣ. ಕಂಡದ್ದನ್ನು ಗಟ್ಟಿಯಾಗಿ ಹೇಳೋಣ.

ಹೇಳಿ ನೋಡೋಣ

1. ಸ್ಟಂಪ್‌ನಿಂದ ಗೆರೆಗೆ ಎಷ್ಟು ಅಡಿ?
2. ಬೆರಳು ಗೆರೆಯ ಮುಂದೆ, ಹಿಮ್ಮಡಿ ಹಿಂದೆ. ಇದು ನೋಬಾಲ್ ಹೌದೋ, ಅಲ್ಲವೋ?